ಇಲಾರಿಯೊನ ಎಡಗಾಲು

ರಂಪಕ್ಕೆಲ್ಲ ಕಾರಣ ಒಂದು ತುಂಡು ಸಿಹಿ ಬ್ರೆಡ್. ಇಲಾರಿಯೊ ಅದನ್ನು ತಿಂದದ್ದರಿಂದ ಏನೂ ಆಗಲಿಲ್ಲ, ಏಕೆಂದರೆ ಅವನು ತಿನ್ನಲೇ ಇಲ್ಲ. ತಿನ್ನುವುದಿಲ್ಲ ಎಂದದ್ದೇ ತಪ್ಪಾಯಿತು.

ಮೆಕ್ಸಿಕೋದ ಪುಯೆಬ್ಲಾದಲ್ಲಿ ಇಗರ್ಜಿಯ ಹಿಂದಿನ ಓಣಿಯಲ್ಲಿ ದೋನ್ಯಾ ಬ್ರಿಹಿದಾಳ ಹೊಲಿಗೆ ಅಂಗಡಿ. ಊರಿನ ಅರ್ಧಕ್ಕರ್ಧ ಶಾಲೆಮಕ್ಕಳ ಸಮವಸ್ತ್ರ ಹೊರಬೀಳುವುದು ಅಲ್ಲಿಂದಲೇ. ಅಂಗಡಿಯಲ್ಲಿರುವುದು ನಾಲ್ಕೇ ಜನ. ಯಜಮಾನಿ ಬ್ರಿಹಿದಾ, ಮಷಿನ್ನಿನ ಮುಂದೆ ಉರ್ಸುಲಾ, ಇಸ್ತ್ರಿಗೆ ನಬೋರ್, ಇನ್ನು ಕಟಿಂಗ್ ಮಾಸ್ಟರ್ ಇಲಾರಿಯೊ. ಉಳಿದವರೆಲ್ಲ ಕೂತು ಕೆಲಸ ಮಾಡಿದರೂ ನಡೆಯುತ್ತದೆ, ಕಟಿಂಗ್ ಮಾಸ್ಟರ್ ಮಾತ್ರ ನಿಂತೇ ಇರಬೇಕು. ಉದ್ದನೆಯ ಮೇಜಿನ ತುದಿಯಲ್ಲಿ ಕತ್ತರಿ ಹಿಡಿದು ನಿಂತಾಗ ಇಲಾರಿಯೊನಿಗೆ ತಾನು ಈ ಅಂಗಡಿಯ ಅರಸನೇ ಎನಿಸುತ್ತಿತ್ತು.

ಅರಸನ ಕಾಲು ಮಾತ್ರ ಕೈಕೊಟ್ಟಿತ್ತು. ಸಕ್ಕರೆ ಕಾಯಿಲೆ ಬಂದು ವರ್ಷಗಳೇ ಆಗಿದ್ದವು, ಅವನು ತಲೆಗೆ ಹಚ್ಚಿಕೊಂಡಿರಲಿಲ್ಲ. ಮೊದಲು ರಾತ್ರಿ ಹಾಸಿಗೆಗೆ ಬಿದ್ದರೆ ಎರಡೂ ಪಾದಗಳು ಕಾದ ಕಾವಲಿಯ ಮೇಲಿಟ್ಟ ಹಾಗೆ ಉರಿಯತೊಡಗಿದವು. ಆಮೇಲೆ ಎಡಪಾದದ ಉರಿ ಒಂದು ದಿನ ತಾನಾಗಿ ನಿಂತಿತು. ಗುಣವಾಯಿತೆಂದು ಇಲಾರಿಯೊ ಹಿಗ್ಗಿದ. ಡಾಕ್ಟರ್ ಸೆನೈದಾ ಮಾತ್ರ ಹಿಗ್ಗಲಿಲ್ಲ. ಅವನ ಕಣ್ಣು ಮುಚ್ಚಿಸಿ, ಅಂಗಾಲಿಗೆ ನೈಲಾನ್ ಎಳೆಯೊಂದನ್ನು ಒತ್ತಿ, "ಗೊತ್ತಾಗ್ತಿದ್ಯಾ?" ಎಂದಳು. "ಶುರು ಮಾಡಿ ಡಾಕ್ಟ್ರೇ, ಗೊತ್ತಾದ್ರೆ ಹೇಳ್ತೀನಿ" ಎಂದ ಇಲಾರಿಯೊ. ಅಷ್ಟರಲ್ಲಿ ಆಕೆ ಮುಗಿಸಿಯೇ ಬಿಟ್ಟಿದ್ದಳು.

"ಕಾಲು ಸ್ಪರ್ಶ ಕಳ್ಕೊಂಡಿದೆ. ಸಕ್ಕರೆ ಹತೋಟಿಗೆ ತನ್ನಿ. ಜನವರಿ ಆರಕ್ಕೆ, ರಾಜರ ಹಬ್ಬದ ದಿನ ಮತ್ತೆ ನೋಡ್ತೀನಿ. ಸುಧಾರಿಸದಿದ್ರೆ ಇಡೀ ದಿನ ನಿಲ್ಲೋ ಕೆಲ್ಸ ಬೇಡ" ಎಂದಿದ್ದಳು ಆಕೆ.

ನಿಲ್ಲುವ ಕೆಲಸ ಬೇಡವೆಂದರೆ ಉಳಿಯುವುದು ಕಾಜಾ, ಗುಂಡಿ. ಅದೂ ಉರ್ಸುಲಾಳ ಪಕ್ಕದ ಮಣೆಯ ಮೇಲೆ ಕೂತು, ಅವಳು ಹೇಳಿದ ಹಾಗೆ. ಅದು ಅವಮಾನ ಅಷ್ಟೇ. ಅದಕ್ಕಿಂತ ದೊಡ್ಡ ಭಯ ಬೇರೆ ಇತ್ತು. ಅವನ ಅಣ್ಣನಿಗೂ ಹೀಗೆಯೇ ಕಾಲು ಮರಗಟ್ಟಿ, ಗೊತ್ತಿಲ್ಲದೆ ಗಾಯವಾಗಿ, ಕೊನೆಗೆ ಎರಡು ಬೆರಳು ತೆಗೆಯಬೇಕಾಗಿ ಬಂದಿತ್ತು. ಇಲಾರಿಯೊ ಆ ಮಾತನ್ನು ಯಾರೊಂದಿಗೂ ಎತ್ತುತ್ತಿರಲಿಲ್ಲ.

ಅಂದಿನಿಂದ ಅವನು ಬೇರೆ ಮನುಷ್ಯನೇ ಆಗಿಬಿಟ್ಟ. ಕೋಲಾ ಬಿಟ್ಟ. ಮೈದಾ ಬಿಟ್ಟ. ಬೆಳಿಗ್ಗೆ ಪಾಪಸ್‌ಕಳ್ಳಿಯ ಪಲ್ಯ, ಮಧ್ಯಾಹ್ನ ಬೀನ್ಸ್, ಊಟವಾದ ಮೇಲೆ ಚೌಕದ ಸುತ್ತ ನಡಿಗೆ. ದಿನವೂ ಬೆರಳು ಚುಚ್ಚಿ ನೋಡುವುದು, ರಾತ್ರಿ ಕನ್ನಡಿ ಹಿಡಿದು ಅಂಗಾಲು ನೋಡಿಕೊಳ್ಳುವುದು. ಅವನ ಹೆಂಡತಿ ಚೋನಾ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, "ನಿಮ್ ಕಾಲು ಸರಿಯಾಗೋವರೆಗೂ ಈ ಮನೇಲಿ ತಮಾಲೆ ಬೇಯೋದಿಲ್ಲ" ಎಂದು ಹಬೆಪಾತ್ರೆಯನ್ನು ಅಟ್ಟಕ್ಕೆ ಹಾಕಿದ್ದಳು. ತಮಾಲೆ ಎಂದರೆ ಇಲಾರಿಯೊ ಪ್ರಾಣ ಬಿಡುತ್ತಿದ್ದ. ಮೆಕ್ಕೆಜೋಳದ ಹಿಟ್ಟಿಗೆ ಹಂದಿಯ ಕೊಬ್ಬು ಹಾಕಿ ನಾದಿ, ತೆನೆಯ ಸಿಪ್ಪೆಯಲ್ಲಿ ಸುತ್ತಿ ಬೇಯಿಸಿದ ಆ ಕಡುಬು ಕಣ್ಣಿಗೆ ಬಿದ್ದರೆ ಅವನ ಕೈ ಅವನ ಮಾತು ಕೇಳುತ್ತಿರಲಿಲ್ಲ.

ಬಾಲಯೇಸುವಿಗೆ ಮೂವರು ರಾಜರು ಕಾಣಿಕೆ ತಂದ ನೆನಪಿನ ರಾಜರ ಹಬ್ಬ ಬಂತು. ಬೆಳಿಗ್ಗೆ ಚುಚ್ಚಿ ನೋಡಿದರೆ ಸಕ್ಕರೆ ಶಾಲೆಯ ಜಾಣ ಹುಡುಗನ ಹಾಗೆ ತನ್ನ ಜಾಗದಲ್ಲಿ ಕೂತಿತ್ತು. ಡಾಕ್ಟರ್ ಬಳಿ ಹೋಗಬೇಕಾದದ್ದು ನಾಲ್ಕಕ್ಕೆ. ಇಲಾರಿಯೊ ಶಿಳ್ಳೆ ಹಾಕುತ್ತ ಅಂಗಡಿಗೆ ಬಂದ.

ಹನ್ನೊಂದಕ್ಕೆ ಮಷಿನ್ ನಿಂತಿತು. ಕಟಿಂಗ್ ಮೇಜಿನ ಮೇಲೆ ರೋಸ್ಕಾ ಬಂದು ಕೂತಿತು. ದೊಡ್ಡ ಬಳೆಯಂಥ ಸಿಹಿ ಬ್ರೆಡ್, ಮೇಲೆಲ್ಲ ಸಕ್ಕರೆಪಾಕದ ಹಣ್ಣು, ಒಳಗೆಲ್ಲೋ ಬಾಲಯೇಸುವಿನ ಗುರುತಾಗಿ ಬೆರಳ ಗೆಣ್ಣಿನಷ್ಟು ಪ್ಲಾಸ್ಟಿಕ್ ಮಗು. ಪ್ರತಿಯೊಬ್ಬರೂ ತಮ್ಮ ಕೈಯಾರೆ ತಮ್ಮ ತುಂಡು ಕತ್ತರಿಸಿಕೊಳ್ಳಬೇಕು. ಮಗು ಸಿಕ್ಕವರು ಫೆಬ್ರವರಿ ಎರಡಕ್ಕೆ ಎಲ್ಲರಿಗೂ ತಮಾಲೆ ಮಾಡಿಸಿ ಹಾಕಬೇಕು. ಹೋದ ವರ್ಷ ಇಡೀ ರೋಸ್ಕಾ ಮುಗಿದರೂ ಮಗು ಹೊರಬರಲಿಲ್ಲ. ಯಾರೋ ನುಂಗಿಬಿಟ್ಟಿದ್ದರು. ಯಾರೆಂಬುದು ಈವರೆಗೂ ಇತ್ಯರ್ಥವಾಗಿರಲಿಲ್ಲ.

"ನಂಗೆ ಬೇಡಪ್ಪ, ಸಕ್ಕರೆ ಕಾಯಿಲೆ" ಎಂದ ಇಲಾರಿಯೊ.

ಉರ್ಸುಲಾ ಕನ್ನಡಕ ಕೆಳಗಿಳಿಸಿ ನೋಡಿದಳು. "ಆಹಾ! ಹೋದ ವರ್ಷ ಮಗು ನುಂಗಿದ್ ಯಾರು ಅಂತ ಈಗ ಗೊತ್ತಾಯ್ತು. ಈ ಸಲ ಕಾಯಿಲೆ ನೆಪ!"

"ಅಯ್ಯೋ, ಹೋದ ವರ್ಷಾನೂ ನಂಗೆ ಕಾಯಿಲೆ ಇತ್ತು ಕಣೇ!"

"ನೋಡಿದ್ರಾ, ಆಗ್ಲೇ ತಯಾರಿ ಮಾಡ್ಕೊಂಡಿದ್ದ."

ನಬೋರ್ ಇಲಾರಿಯೊನ ಮಗನ ಜ್ಞಾನಸ್ನಾನದಲ್ಲಿ ಧರ್ಮಪಿತನಾಗಿ ನಿಂತವನು, ಹಾಗಾಗಿ ಇಬ್ಬರೂ ಒಬ್ಬರಿಗೊಬ್ಬರು ಕೊಂಪಾದ್ರೆ. ಅವನಾದರೂ ಪರ ವಹಿಸುತ್ತಾನೆಂದು ಇಲಾರಿಯೊ ಆ ಕಡೆ ತಿರುಗಿದ. ನಬೋರ್ ಹೆಗಲ ಮೇಲೆ ಕೈ ಹಾಕಿ, "ಕೊಂಪಾದ್ರೆ, ತಮಾಲೆ ತಪ್ಪಿಸ್ಕೊಳ್ಳೋಕೆ ಇಷ್ಟೊಂದು ದೊಡ್ಡ ಕಾಯಿಲೆ ಯಾಕೆ? ಸಣ್ಣ ತಲೆನೋವು ಸಾಕಾಗಿತ್ತು" ಎಂದ.

"ತಿನ್ನೋದ್ ಬೇಡ, ಕತ್ತರಿಸಿದ್ರೆ ಸಾಕು" ಎಂದು ಬ್ರಿಹಿದಾ ತೀರ್ಪು ಕೊಟ್ಟಳು. "ನೀನು ಕಟಿಂಗ್ ಮಾಸ್ಟರ್ ತಾನೇ, ಕತ್ತರಿಸು."

ಮಾನದ ಪ್ರಶ್ನೆ. ಇಲಾರಿಯೊ ಚಾಕು ತೆಗೆದುಕೊಂಡು, ಮಗು ಇರಲಾರದೆಂದು ತೋರಿದ ಜಾಗ ನೋಡಿ, ಬಟ್ಟೆಯ ಅಂಚು ತೆಗೆದಷ್ಟು ತೆಳ್ಳಗೆ ಒಂದು ತುಂಡು ಕತ್ತರಿಸಿದ. ತುಂಡಿನ ನಡುವಿನಿಂದ ಒಂದು ಬಿಳಿಯ ಪುಟ್ಟ ತಲೆ ಇಣುಕಿ ಅವನನ್ನೇ ನೋಡಿತು.

ತಮಾಲೆ! ಅಟ್ಟದಿಂದ ಹಬೆಪಾತ್ರೆ ಇಳಿಯಬೇಕು. ಚೋನಾಳಿಗೆ ಏನು ಹೇಳುವುದು? ಆಮೇಲೆ ಮನೆ ತುಂಬ ಆ ವಾಸನೆ, ಆ ರಾಶಿ, ತನ್ನ ಈ ಕೈ! ಇಷ್ಟು ದಿನದ ಪಾಪಸ್‌ಕಳ್ಳಿಯೆಲ್ಲ ನೀರಿನಲ್ಲಿ ಹೋಮ. ಉಳಿದವರು ತಂತಮ್ಮ ತುಂಡು ಕತ್ತರಿಸುವುದರಲ್ಲಿ ಮುಳುಗಿದ್ದರು. ಇಲಾರಿಯೊ ಮಗುವನ್ನು ಬೆರಳಲ್ಲಿ ಒತ್ತಿ ಹಿಡಿದು, ಲೇಸ್ ಕಟ್ಟುವವನಂತೆ ಬಗ್ಗಿ, ಎಡಗಾಲಿನ ಬೂಟಿನೊಳಕ್ಕೆ ತುರುಕಿದ. ಡಾಕ್ಟರ್ ಹೇಳಿ ಕೊಡಿಸಿದ ಅಗಲವಾದ ಬೂಟು, ಜಾಗ ಬೇಕಾದಷ್ಟಿತ್ತು. ಎಡಗಾಲೇ ಏಕೆಂದರೆ ಅದಕ್ಕೆ ಏನೂ ಗೊತ್ತಾಗುವುದಿಲ್ಲವಲ್ಲ. ಬೂಟು ಹಾಕುವ ಮುಂಚೆ ಒಳಗೆ ಏನೂ ಇಲ್ಲವೆಂದು ಕೊಡವಿ ನೋಡಿಕೊಳ್ಳಿ ಎಂದು ಡಾಕ್ಟರ್ ಬಡಕೊಂಡಿದ್ದಳು. ಹಾಕಿಕೊಂಡ ಮೇಲೆ ತುರುಕಬಾರದು ಎಂದು ಆಕೆ ಹೇಳಿರಲಿಲ್ಲವೆಂದು ಅವನು ತನಗೆ ತಾನೇ ಸಮಾಧಾನ ಹೇಳಿಕೊಂಡ. ಐದೇ ನಿಮಿಷ, ಪಾಯಿಖಾನೆಗೆ ಹೋಗಿ ತೆಗೆದುಬಿಟ್ಟರಾಯಿತು.

ಐದು ನಿಮಿಷ ಸಿಗಲಿಲ್ಲ. ರೋಸ್ಕಾ ಪೂರ್ತಿ ಖಾಲಿಯಾಯಿತು. ಮಗು ಸಿಕ್ಕಿತೆಂದು ಯಾರೂ ಬಾಯಿ ಬಿಡಲಿಲ್ಲ.

"ಮತ್ತೆ ಅದೇ ಕಳ್ಳಾಟ!" ಎಂದು ಉರ್ಸುಲಾ ಎದ್ದು ಬಾಗಿಲಿಗೆ ಅಡ್ಡ ನಿಂತಳು. "ಮಗು ಸಿಗೋವರೆಗೂ ಒಬ್ರೂ ಹೊರಗೆ ಹೋಗೋ ಹಾಗಿಲ್ಲ. ಪಾಯಿಖಾನೆಗೂ ಇಲ್ಲ!"

"ಸರಿಯಾಗ್ ಹೇಳ್ದೆ" ಎಂದ ನಬೋರ್, ಎಲ್ಲರಿಗಿಂತ ಜೋರಾಗಿ. ಬ್ರಿಹಿದಾ ಕೂಡ ದೇವರ ಮೇಲೆ ಆಣೆ ಹಾಕಿ ತನ್ನ ಬಳಿ ಇಲ್ಲವೆಂದಳು.

ಜೇಬುಗಳು ಹೊರಗೆ ಬಂದವು. ರೋಸ್ಕಾ ಜೊತೆ ಕುಡಿಯುತ್ತಿದ್ದ ಬಿಸಿ ಚಾಕೊಲೇಟಿನ ಲೋಟಗಳ ತಳ ಕೆದಕಿದ್ದಾಯಿತು, ಚಿಂದಿ ಬಟ್ಟೆಯ ಮೂಟೆ ಬಿಚ್ಚಿದ್ದಾಯಿತು. ಉರ್ಸುಲಾ ಇಲಾರಿಯೊನ ಬಾಯಿ ತೆರೆಸಿ ಕುದುರೆಯ ಹಲ್ಲು ನೋಡಿದ ಹಾಗೆ ನೋಡಿದಳು. ಏನೂ ಸಿಗದೆ ಕೊನೆಗೆ, "ಆರ್ಡರ್ ಇದೆ, ಕೆಲ್ಸ ನಡೀಲಿ. ಆದ್ರೆ ಯಾರೂ ಕದಲೋದ್ ಬೇಡ" ಎಂದಳು ಬ್ರಿಹಿದಾ.

ಇಲಾರಿಯೊ ಮೇಜಿನ ತುದಿಗೆ ನಿಂತು ನೀಲಿ ಬಟ್ಟೆ ಹಾಸಿದ. ಮೇಜಿನುದ್ದಕ್ಕೂ ಕತ್ತರಿ ಓಡಿಸಬೇಕು, ತಿರುಗಿ ಬರಬೇಕು. ಒಂದು ಸುತ್ತು ಹೋಗಿ ಬಂದ. ಮತ್ತೊಂದು ಸುತ್ತು ಹೊರಟಾಗ ಎಲ್ಲೋ ಏನೋ ಚುಚ್ಚಿತು.

ಅವನು ನಿಂತ. ಗುಂಡುಸೂಜಿ ಇರಬೇಕೆಂದು ಪ್ಯಾಂಟು ತಡವಿ ನೋಡಿದ. ಇಲ್ಲ. ಒಂದು ಹೆಜ್ಜೆ ಇಟ್ಟ. ಮತ್ತೆ ಚುಚ್ಚಿತು, ಹೆಬ್ಬೆರಳಿನ ಬುಡದಲ್ಲಿ, ಎಡಗಾಲಿನಲ್ಲಿ. ಅವನು ಉಸಿರು ಬಿಗಿಹಿಡಿದು, ಮೈಯ ಭಾರವನ್ನೆಲ್ಲ ಎಡಗಾಲಿನ ಮೇಲೆ ಹಾಕಿದ. ಪ್ಲಾಸ್ಟಿಕ್ ಮಗುವಿನ ಪುಟ್ಟ ಕೈಯೊಂದು ಅವನ ಅಂಗಾಲಿಗೆ ಚೆನ್ನಾಗಿ ನಾಟಿತು.

"ಅಮ್ಮಾ!" ಎಂದು ಚೀರಿದ ಇಲಾರಿಯೊ. ಮರುಕ್ಷಣವೇ ಗಹಗಹಿಸಿ ನಕ್ಕ. ಕಣ್ಣಲ್ಲಿ ಬಳಬಳನೆ ನೀರು. "ನೋಯ್ತಾ ಇದೆ! ದೇವ್ರಾಣೆ ನೋಯ್ತಾ ಇದೆ!" ಎನ್ನುತ್ತ ಕಾಲನ್ನು ನೆಲಕ್ಕೆ ಅಪ್ಪಳಿಸಿದ. ಅಪ್ಪಳಿಸಿದಷ್ಟೂ ಚೀರಿದ, ಚೀರಿದಷ್ಟೂ ನಕ್ಕ.

ಅಂಗಡಿಯವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು.

"ಸಕ್ಕರೆ ಇಳಿದುಹೋಗಿದೆ!" ಎಂದು ಕೂಗಿದಳು ಬ್ರಿಹಿದಾ. "ನಮ್ಮ ಭಾವನೂ ಹೀಗೇ ಆಡ್ತಿದ್ದ. ಬೇಗ ಸಿಹಿ ಕೊಡಿ!"

ನಬೋರ್ ಹಿಂದಿನಿಂದ ಬಂದು ತಬ್ಬಿ ಹಿಡಿದ. ಉರ್ಸುಲಾ ಲೋಟದಲ್ಲಿದ್ದ ಚಾಕೊಲೇಟ್‌ಗೆ ಸಕ್ಕರೆ ಸುರಿದು, ಚಮಚ ಎತ್ತಿಕೊಂಡು ಬಂದಳು. "ಬಾಯಿ ಬಿಡು ಇಲಾರಿಯೊ, ನಿನ್ ಒಳ್ಳೇದಕ್ಕೇ ಹೇಳ್ತಿರೋದು!"

"ಇಳಿದಿಲ್ಲ! ನಂಗೇನೂ ಆಗಿಲ್ಲ!"

"ಆಗಿರೋರೆಲ್ಲ ಹೀಗೇ ಹೇಳೋದು!"

ತಿಂಗಳುಗಟ್ಟಲೆ ಕಾಪಾಡಿಕೊಂಡು ಬಂದ ಸಕ್ಕರೆ ಒಂದು ಚಮಚದ ದೂರದಲ್ಲಿತ್ತು. ಇಲಾರಿಯೊ ಹಲ್ಲು ಕಚ್ಚಿದ. ಚಾಕೊಲೇಟ್ ಮೀಸೆಯ ಮೇಲಿಂದ ಹರಿದು ಅಂಗಿಗೆ ಇಳಿಯಿತು. ಉರ್ಸುಲಾ ಮೂಗು ಒತ್ತಿ ಹಿಡಿದಳು. ಇನ್ನು ಬಾಯಿ ತೆರೆಯದೆ ಗತ್ಯಂತರವಿಲ್ಲ ಎನ್ನುವಾಗ ಅವನು ಬಲವನ್ನೆಲ್ಲ ಹಾಕಿ ಕೊಸರಿಕೊಂಡು, ಮೇಜಿನ ಮೇಲೆ ಹತ್ತಿ ಕೂತು, ಎಡಬೂಟು ಕಿತ್ತು ತಲೆಕೆಳಗು ಮಾಡಿದ. ಮಗು ನೀಲಿ ಬಟ್ಟೆಯ ಮೇಲೆ ಟಪ್ ಎಂದು ಬಿತ್ತು.

ಎಲ್ಲರೂ ಮೇಜಿನತ್ತ ಬಗ್ಗಿದರು.

"ಹೌದು, ನಾನೇ ಬಚ್ಚಿಟ್ಟಿದ್ದೆ!" ಎಂದ ಇಲಾರಿಯೊ, ಮಗುವನ್ನು ಎತ್ತಿ ಮುತ್ತು ಕೊಡುತ್ತ. "ಸತ್ತ ಕಾಲು ಅಂತ ಅಲ್ಲಿಟ್ಟೆ. ಸತ್ತಿಲ್ಲ ಕಣ್ರೋ! ನೋಯ್ತು! ತಮಾಲೆ ತಾನೇ ಬೇಕು? ಹಾಕಿಸ್ತೀನಿ. ಹೊಟ್ಟೆ ಬಿರಿಯೋ ಅಷ್ಟು ಹಾಕಿಸ್ತೀನಿ! ನಿಮ್ ನಿಮ್ ಮನೆಯವರನ್ನೂ ಕರ್ಕೊಂಡ್ ಬನ್ನಿ!"

ನಾಲ್ಕು ಗಂಟೆಗೆ ಡಾಕ್ಟರ್ ಸೆನೈದಾ ಅವನ ಕಣ್ಣು ಮುಚ್ಚಿಸಿದಳು. ಎಳೆ ತಾಗಿತು. "ಇಲ್ಲಿ!" ಎಂದ. ಮತ್ತೆ ತಾಗಿತು. "ಇಲ್ಲಿ, ಡಾಕ್ಟ್ರೇ, ಹೆಬ್ಬೆರಳ ಹತ್ರ!" ಹಿಮ್ಮಡಿ ಇನ್ನೂ ನಿದ್ದೆಯಲ್ಲಿತ್ತು. ಮುಂಗಾಲು ಎಚ್ಚೆತ್ತಿತ್ತು.

"ಎಲ್ಲರಿಗೂ ಹೀಗಾಗಲ್ಲ. ನೀವು ಸಕ್ಕರೆ ಹಿಡಿದಿಟ್ಟಿದ್ದಕ್ಕೆ ಫಲ ಸಿಕ್ಕಿದೆ" ಎಂದಳು ಆಕೆ. "ಹಾಗೇ ಮುಂದುವರ್ಸಿ. ನಿಂತು ಕೆಲ್ಸ ಮಾಡಿ, ನಡುನಡುವೆ ಕೂತ್ಕೊಳ್ಳಿ." ಆಮೇಲೆ ಹೆಬ್ಬೆರಳಿನ ಬುಡದ ಕೆಂಪು ಗುರುತು ನೋಡಿ ಹುಬ್ಬು ಗಂಟಿಕ್ಕಿದಳು. "ಇದೇನು?"

"ಮಗು, ಡಾಕ್ಟ್ರೇ."

ಕಥೆ ಕೇಳಿದ ಆಕೆ ಬೈದ ಬೈಗುಳ ಹೊರಗೆ ಕಾಯುತ್ತಿದ್ದವರಿಗೂ ಕೇಳಿಸಿತು. ಗಾಯವಾಗಿದ್ದರೆ ಗತಿ ಏನು, ಬೂಟೇನು ಉಗ್ರಾಣವೇ ಎಂದು ತರಾಟೆಗೆ ತೆಗೆದುಕೊಂಡಳು. ಇಲಾರಿಯೊ ತಲೆ ತಗ್ಗಿಸಿ ಎಲ್ಲವನ್ನೂ ಒಪ್ಪಿಕೊಂಡ. ಅವನಿಗೆ ಅದು ಬೈಗುಳವೆಂದು ಅನಿಸಲೇ ಇಲ್ಲ.

ಹೊರಗೆ ಬಂದವನು ಸೀದಾ ಅಂಗಡಿಯ ಕಡೆಗೆ ಹೊರಟ. ಸುದ್ದಿ ಹೇಳದೆ ಮನೆಗೆ ಹೋಗಲು ಕಾಲೇ ಒಪ್ಪಲಿಲ್ಲ. ಅಂಗಡಿಯ ಬಾಗಿಲು ಅರ್ಧ ತೆರೆದಿತ್ತು. ಒಳಗಿನಿಂದ ನಗು ಕೇಳಿಸಿತು. ಇಣುಕಿ ನೋಡಿದರೆ ಕಟಿಂಗ್ ಮೇಜಿನ ಮೇಲೆ ನಾಲ್ಕು ಪ್ಲಾಸ್ಟಿಕ್ ಮಕ್ಕಳು ಸಾಲಾಗಿ ಮಲಗಿದ್ದವು!

"ನಂದು ಕೆನ್ನೆಯೊಳಗೇ ಇತ್ತು" ಎನ್ನುತ್ತಿದ್ದಳು ಉರ್ಸುಲಾ. "ಬಾಗಿಲಿಗೆ ಅಡ್ಡ ನಿಂತು ಬೈಯುವಾಗ ಎಲ್ಲಿ ಗಂಟಲಿಗೆ ಇಳಿದುಬಿಡುತ್ತೋ ಅಂತ ಭಯ ಆಗಿತ್ತು."

"ನಂಗೆ ಎರಡು ಸಿಕ್ತು" ಎಂದ ನಬೋರ್. "ಒಂದು ಇಸ್ತ್ರಿಪೆಟ್ಟಿಗೆ ಕೆಳಗೆ, ಇನ್ನೊಂದು ಕಂಕುಳಲ್ಲಿ."

ಬ್ರಿಹಿದಾ ತುರುಬು ಸರಿಮಾಡಿಕೊಂಡಳು. "ನಂದು ಇಲ್ಲಿತ್ತು. ಹೋದ ವರ್ಷದ ಹಾಗೆ ಆಗ್ಬಾರ್ದು, ಯಾರಿಗಾದ್ರೂ ಒಬ್ರಿಗೆ ಸಿಗ್ಲೇಬೇಕು ಅಂತ ನಾನೇ ಬೇಕರಿಯವನಿಗೆ ಒಂದೇ ಮಗು ಬೇಡ, ಕೈಬಿಚ್ಚಿ ಹಾಕಪ್ಪಾ ಅಂದಿದ್ದೆ. ಎಲ್ಲರಿಗೂ ಸಿಗುತ್ತೆ, ಎಲ್ಲರೂ ಬಚ್ಚಿಡ್ತಾರೆ ಅಂತ ನಂಗೇನ್ ಗೊತ್ತು!"

"ಹಾಗಾದ್ರೆ ತಮಾಲೆ ನಾಲ್ಕೂ ಜನ ಸೇರಿ ಮಾಡ್ಬೇಕು!" ಎನ್ನುತ್ತ ಇಲಾರಿಯೊ ಬಾಗಿಲು ತಳ್ಳಿ ಒಳಗೆ ನುಗ್ಗಿದ.

ಮೂರು ಕೈಗಳು ಮಿಂಚಿನ ಹಾಗೆ ಮೇಜಿನ ಮೇಲೆ ಹರಿದವು. ಮೇಜು ಖಾಲಿ. ನಬೋರ್ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡ. ಬ್ರಿಹಿದಾಳ ತುರುಬು ಮತ್ತೆ ಉಬ್ಬಿತು. ಉರ್ಸುಲಾಳ ಗಂಟಲಲ್ಲಿ ಗುಟುಕ್ ಎಂದು ಸದ್ದಾಯಿತು. ಅವಳು ಎದೆ ನೀವಿಕೊಂಡು, ಕಣ್ಣೊರೆಸಿಕೊಂಡು, ಶಾಂತವಾಗಿ ಕೇಳಿದಳು:

"ಯಾವ ಮಗು?"

"ಈಗ ನೀನು ನುಂಗಿದ್ ನೋಡಿದೆನಲ್ಲೇ!"

"ಸಾಕ್ಷಿ ಯಾರು?"

ಇಲಾರಿಯೊ ನಬೋರ್‌ನನ್ನು ನೋಡಿದ. ಕೊಂಪಾದ್ರೆ ಸೂರು ನೋಡಿದ.

"ಅದಿರ್ಲಿ ಮಾರಾಯ, ಡಾಕ್ಟ್ರು ಏನಂದ್ರು ಹೇಳು" ಎಂದಳು ಬ್ರಿಹಿದಾ. ಅವಳ ದನಿಯಲ್ಲಿ ಈಗ ತಮಾಷೆ ಇರಲಿಲ್ಲ. ಮೂವರೂ ಅವನ ಎಡಗಾಲನ್ನೇ ನೋಡುತ್ತಿದ್ದರು.

"ನಿಂತು ಕೆಲ್ಸ ಮಾಡ್ಬಹುದಂತೆ" ಎಂದ ಇಲಾರಿಯೊ.

ಅಂಗಡಿಯಲ್ಲಿ ದೊಡ್ಡ ಕೇಕೆ ಎದ್ದಿತು. ನಬೋರ್ ಅವನನ್ನು ಅನಾಮತ್ತಾಗಿ ಎತ್ತಿ ತಿರುಗಿಸಿದ. ಕಾಜಾ ಗುಂಡಿಯ ಕೆಲಸಕ್ಕೆ ಬಾ ಎಂದು ಮೂರು ತಿಂಗಳಿಂದ ಅವನನ್ನು ರೇಗಿಸುತ್ತಿದ್ದ ಉರ್ಸುಲಾ ಕರವಸ್ತ್ರ ಸಿಗದೆ ನೀಲಿ ಬಟ್ಟೆಯ ತುದಿಯಿಂದಲೇ ಮೂಗೊರೆಸಿಕೊಂಡಳು. ಇಲಾರಿಯೊನಿಗೆ ಸಿಟ್ಟೆಲ್ಲ ಇಳಿದುಹೋಯಿತು. ಇವರೆಷ್ಟು ಕಳ್ಳರೋ ಅಷ್ಟೇ ತನ್ನವರು ಎನಿಸಿತು.

"ಇಡೀ ದಿನ ನಿಲ್ಬಹುದಂತಾ?" ಎಂದು ವಿಚಾರಿಸಿದಳು ಉರ್ಸುಲಾ.

"ಇಡೀ ದಿನ!" ಎಂದ ಇಲಾರಿಯೊ ಎದೆಯುಬ್ಬಿಸಿ. "ಬೇಕಾದ್ರೆ ಇಡೀ ರಾತ್ರೀನೂ!"

"ಸದ್ಯ, ಒಳ್ಳೇದಾಯ್ತು" ಎಂದಳು ಅವಳು. "ಅಷ್ಟು ಜನಕ್ಕೆ ತಮಾಲೆ ಹಿಟ್ಟು ನಾದೋದು ಅಂದ್ರೆ ಹುಡುಗಾಟವಾ? ಚೋನಾ ಒಬ್ಳ ಕೈಲಾಗಲ್ಲ. ಹಿಂದಿನ ರಾತ್ರಿಯಿಂದ್ಲೇ ನಿಂತು ನಾದು. ಆದ್ರೆ ಒಂದ್ ಮಾತು ಇಲಾರಿಯೊ, ರುಚಿ ನೋಡ್ಬೇಡ. ಸಕ್ಕರೆ ಕಾಯಿಲೆ ನಿಂಗೆ!"