ಹಿತ್ತಾಳೆಯ ಮೇಲೆ ಬರೆದ ಕೋವಿ

ಮನುಷ್ಯ ಹೋದ ಮೇಲೂ ಅವನ ಹೆಸರು ಉಳಿಯಬೇಕೆಂಬುದು ಮಾನವಕುಲದ ಪುರಾತನವೂ ಉದಾತ್ತವೂ ಆದ ಆಸೆ. ಉಳಿದರೆ ತಾಲೂಕು ಕಚೇರಿಯವರಿಗೆ ಬಹಳ ತೊಂದರೆಯಾಗುತ್ತದೆ. ಇದು ನನಗೆ ತಿಳಿದದ್ದು, ಗುತ್ತಿಗಾರಿನ ನನ್ನ ಸೋದರಮಾವ ಮಂಜಪ್ಪ ರೈಗಳು ತೀರಿಕೊಂಡು ಅವರ ಜೋಡುನಳಿಗೆಯ ಕೋವಿ ಮಾವನದು ಸೋದರಳಿಯನಿಗೆ ಸಲ್ಲುವ ಅಳಿಯಸಂತಾನದ ಕಟ್ಟಿನಂತೆ ನನ್ನ ಪಾಲಿಗೆ ಬಂದಾಗ. ನಾನು ರಾಮಕುಂಜದ ಕಡೆ ಮಕ್ಕಳಿಗೆ ವ್ಯಾಕರಣ ಕಲಿಸುವವನು. ನನ್ನಿಂದ ಜೀವಭಯ ಪಟ್ಟ ಪ್ರಾಣಿ ಯಾವುದೂ ಇಲ್ಲ. ತಿಗಣೆಗಳು ಕೂಡ ನನ್ನ ಮಂಚದಲ್ಲಿ ನೆಮ್ಮದಿಯಾಗಿಯೇ ಸಂಸಾರ ಮಾಡಿಕೊಂಡಿದ್ದವು.

ಆದರೆ ಕೋವಿ ಮಾತ್ರ ನೋಡುವಂಥದ್ದು. ಮಾವ ಅದಕ್ಕೆ ಎಣ್ಣೆ ಹಚ್ಚುತ್ತಿದ್ದ ಶ್ರದ್ಧೆಯಲ್ಲಿ ಕಾಲು ಪಾಲನ್ನು ತಮ್ಮ ಮೊಣಕಾಲಿಗೆ ತೋರಿಸಿದ್ದರೆ ಕೊನೆಗಾಲದಲ್ಲಿ ಕೋಲು ಬೇಕಾಗುತ್ತಿರಲಿಲ್ಲ. ನಳಿಗೆಯ ಮೇಲೆ ಅವರ ಹೆಸರನ್ನು ಯಾವನೋ ಪುಣ್ಯಾತ್ಮ ಕೊರೆದಿದ್ದ. ಗಟ್ಟಿ ಉಕ್ಕಿನ ಮೇಲೆ ಮಲ್ಲಿಗೆ ಮೊಗ್ಗು ಪೋಣಿಸಿದ ಹಾಗೆ ಅಕ್ಷರಗಳು. ನಾನು ಕರಿಹಲಗೆಯ ಮೇಲೆ, ಮೆತ್ತನೆಯ ಸೀಮೆಸುಣ್ಣದಲ್ಲಿ, ಇಷ್ಟು ವರ್ಷ ಬರೆದೂ ಅಂಥ ಒಂದು ‘ಜ’ ನನ್ನ ಕೈಯಿಂದ ಬಿದ್ದಿಲ್ಲ. ಲೈಸನ್ಸನ್ನು ನನ್ನ ಹೆಸರಿಗೆ ಮಾಡಿಸಲು ಕೋವಿಯನ್ನು ಹೆಗಲಿಗೇರಿಸಿಕೊಂಡು ಪುತ್ತೂರಿನ ಬಸ್ಸು ಹತ್ತಿದ ದಿನ ಕಂಡಕ್ಟರು ನನಗೆ ಮುಂದಿನ ಸೀಟು ಬಿಡಿಸಿಕೊಟ್ಟ. ಮಾಸ್ತರಿಕೆಯಿಂದ ಅಂಥ ಗೌರವ ಎಂದೂ ದೊರಕಿರಲಿಲ್ಲ.

ಕಚೇರಿಯಲ್ಲಿ ಲೈಸನ್ಸ್ ನೋಡುವ ಗುಮಾಸ್ತರು ಘಟ್ಟದ ಮೇಲಿನವರು. ಕನ್ನಡ ಸೀಮೆಗಳೆಲ್ಲ ಒಂದೇ ರಾಜ್ಯವಾದ ಮೇಲೆ ನಮ್ಮ ಕಡೆ ವರ್ಗವಾಗಿ ಬಂದು, ಕುಚ್ಚಲಕ್ಕಿಗೂ ನಮಗೂ ಇನ್ನೂ ಹೊಂದಿಕೊಳ್ಳುತ್ತಿದ್ದರು.

“ಏನ್ರೀ ಮೇಷ್ಟ್ರೇ, ನಿಮ್ಮ ಮಾವನಿಗೆ ಮಕ್ಕಳಿಲ್ವೆ?”

“ಇದ್ದಾರೆ. ಅವರಿಗೆ ಅವರ ಮಾವನ ಕೋವಿ ಉಂಟು.”

ಅವರು ಕನ್ನಡಕ ತೆಗೆದು ಒರೆಸಿಕೊಂಡರು. ಅಳಿಯಸಂತಾನವನ್ನು ಕಾಲು ಗಂಟೆ ವಿವರಿಸಿದೆ. ಕೊನೆಗೆ ಅವರು ನಳಿಗೆಗೆ ಬೆರಳು ತೋರಿಸಿ, “ಅದೆಲ್ಲ ಇರಲಿ. ಹೆಸರು ಅವರದು, ಅರ್ಜಿ ನಿಮ್ಮದು. ನಾಳೆ ಯಾರಾದ್ರೂ ಇದು ಕದ್ದ ಮಾಲು ಅಂದ್ರೆ? ಅದನ್ನ ಉಜ್ಜಿಸಿ, ನಿಮ್ಮದು ಹಾಕಿಸ್ಕೊಂಡು ಬನ್ನಿ. ಸೋಮವಾರ ತರದಿದ್ರೆ ಕೋವಿ ಠಾಣೆಗೆ ಒಪ್ಪಿಸ್ಬೇಕಾಗುತ್ತೆ” ಎಂದರು.

ಮನೆಗೆ ಬಂದು ಹೇಳಿದಾಗ ಅಮ್ಮ ಅಕ್ಕಿ ಆರಿಸುತ್ತಿದ್ದಳು. ತಲೆ ಎತ್ತಲಿಲ್ಲ. “ಅಣ್ಣನನ್ನು ಸುಟ್ಟು ಎರಡು ತಿಂಗಳಾಗಲಿಲ್ಲ. ಇನ್ನು ಹೆಸರನ್ನೂ ಉಜ್ಜುದಾ? ಉಜ್ಜಿಸಿ ಬಂದರೆ ಆ ಕೋವಿಯೊಟ್ಟಿಗೆ ನೀನೂ ಠಾಣೆಯಲ್ಲೇ ಇರು.”

ಹೀಗೆ ಸರಕಾರಕ್ಕೂ ತಾಯಿಗೂ ನಡುವೆ ಸಿಕ್ಕಿಬಿದ್ದ ನಾನು ಶನಿವಾರ ಪುತ್ತೂರಿನ ಪೇಟೆಯಲ್ಲಿ ಮೋನಪ್ಪ ಆಚಾರಿಯ ಅಂಗಡಿಗೆ ಹೋದೆ. ಪಾತ್ರೆಗಳ ಮೇಲೆ ಹೆಸರು ಹಾಕುವುದರಲ್ಲಿ ಅವರನ್ನು ಮೀರಿಸಿದವರಿಲ್ಲ. ಸುತ್ತಲಿನ ಹತ್ತೂರಿನಲ್ಲಿ ಯಾವ ಮದುವೆಯಾಗಲಿ, ಉಡುಗೊರೆಯ ಚೆಂಬು, ಕೊಡಪಾನ, ಹರಿವಾಣಗಳು ಅವರ ಉಳಿಯ ಕೆಳಗೆ ಹಾದೇ ಚಪ್ಪರ ಸೇರಬೇಕು. ಆಚಾರಿಗಳು ನಳಿಗೆಯನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು.

“ಇದನ್ನು ಉಜ್ಜಲಿಕ್ಕೆ ನನ್ನಿಂದ ಆಗುದಿಲ್ಲ ಮಾಸ್ಟ್ರೆ. ಇದನ್ನು ಬರೆದವ ಎಲ್ಲಿದ್ದಾನೆ ಹೇಳಿ, ಹೋಗಿ ಕಾಲಿಗೆ ಬೀಳ್ತೇನೆ. ಕೋವಿಯ ಬುಡಕ್ಕೆ ಹಿತ್ತಾಳೆ ತಗಡು ಉಂಟಲ್ಲ? ನಿಮ್ಮ ಹೆಸರನ್ನು ಅಲ್ಲಿ ಹಾಕುವ. ಯಾರಿಂದ ಯಾರಿಗೆ ಬಂತು ಅಂತ ಒಂದು ಚೀಟಿಯಲ್ಲಿ ಬರೆದುಕೊಡಿ.”

ಬರೆದುಕೊಟ್ಟೆ: ‘ಮಂಜಪ್ಪ ರೈಯವರಿಂದ ಸೋದರಳಿಯ ಸಂಕಪ್ಪ ರೈಗೆ.’ ಚಹಾ ಕುಡಿದು ಬಂದು ನೋಡುತ್ತೇನೆ, ಕೆಲಸ ಮುಗಿದಿದೆ. ತಗಡಿನ ತುಂಬ ಮುತ್ತಿನಂಥ ಅಕ್ಷರ, ಸುತ್ತ ಬಳ್ಳಿ, ಎರಡು ಕಡೆ ಎರಡು ಗಿಳಿ. ನಡುವೆ: ‘ಮಂಜಪ್ಪ ರೈಯವರಿಂದ ಸೋದರಳಿಯ ಸಂಕಪ್ಪ ರೈಗೆ ಮದುವೆಯ ಪ್ರೀತಿಯ ಉಡುಗೊರೆ.’

ಆಚಾರಿಗಳು ನನ್ನ ಮುಖ ನೋಡಿ, ಆಮೇಲೆ ತಗಡು ಓದಿದರು. “ಹಿತ್ತಾಳೆ ಸಿಕ್ಕಿದರೆ ಕೈ ತನ್ನಷ್ಟಕ್ಕೆ ಹೋಗ್ತದೆ ಮಾರಾಯ್ರೆ” ಎಂದರು. “ನಿಮ್ಮ ಚೀಟಿಯೂ ಉಡುಗೊರೆಯ ಚೀಟಿಯ ಹಾಗೇ ಉಂಟು. ಹೊಸ ತಗಡು ತರಿಸಬೇಕಾದರೆ ಎಂಟು ದಿನ ಬೇಕು.” ತಪ್ಪು ಅವರದೆನ್ನಲು ನಾನು ಬಾಯಿ ತೆರೆದವನು ಆ ಗಿಳಿಗಳನ್ನು ನೋಡಿ ಮುಚ್ಚಿಕೊಂಡೆ. ಅಂಥ ಗಿಳಿಗಳು.

ಮನೆಯಲ್ಲಿ ಮೊದಲು ಓದಿದವಳು ನನ್ನ ಹೆಂಡತಿ. ಮಾವ ತಮ್ಮ ಮಗಳನ್ನು ನನಗೆ ಕೊಡಬೇಕೆಂದಿದ್ದರು. ನಾನು ಇವಳನ್ನು ಮೆಚ್ಚಿದೆನೆಂದು ನಮ್ಮ ಮದುವೆಗೆ ಬರಲಿಲ್ಲ. “ಬಾರದಿದ್ದರೂ ಒಂದು ಚೆಂಬು ಕಳಿಸಬಹುದಿತ್ತು ಅಂತ ಹನ್ನೆರಡು ವರ್ಷ ಹೇಳಿದೆ. ಇನ್ನು ಹಾಗೆ ಹೇಳ್ಲಿಕ್ಕೂ ಆಗುದಿಲ್ಲ” ಎಂದಳು.

ಅಮ್ಮನಿಗೆ ಓದಲು ಬಾರದು. ನಾನು ಓದಿ ಹೇಳಿದೆ. ಇನ್ನೊಮ್ಮೆ ಓದಿಸಿದಳು. ಸೆರಗಿನಿಂದ ತಗಡನ್ನು ಒರೆಸಿ, “ಅಣ್ಣನಿಗೆ ಮನಸ್ಸಿತ್ತು. ಬಾಯಿಬಿಟ್ಟು ಹೇಳುವ ಜನ ಅಲ್ಲ” ಎಂದಳು. ಅದು ಮಾವ ಬರೆಸಿದ್ದಲ್ಲ, ಆಚಾರಿಯ ಕೈತಪ್ಪೆಂದು ತಿಳಿಸಲು ನಾನು ಗಂಟಲು ಸರಿಮಾಡಿಕೊಂಡೆ. ಹೆಂಡತಿ ನನ್ನ ಕಾಲು ತುಳಿದಳು. ಕಚೇರಿಯವರು ಒಪ್ಪದಿದ್ದರೆ ಅಮ್ಮನಿಗೆ ಏನು ಹೇಳುವುದೆಂಬ ಯೋಚನೆಯಲ್ಲಿ ಭಾನುವಾರ ನನಗೆ ಊಟ ಸೇರಲಿಲ್ಲ.

ಸೋಮವಾರ ಗುಮಾಸ್ತರು ತಗಡನ್ನು ಬೆರಳಿಟ್ಟು ಓದಿದರು. “ನಿಮ್ಮ ಕಡೆ ಮದುವೆಗೆ ಕೋವಿ ಕೊಡ್ತಾರೇನ್ರೀ?”

“ದೊಡ್ಡ ಮನೆಯವರು ಕೊಡ್ತಾರೆ” ಎಂದೆ. ಸತ್ಯದ ಬಗ್ಗೆ ವರ್ಷವರ್ಷವೂ ಮಕ್ಕಳಿಂದ ಪ್ರಬಂಧ ಬರೆಸುವವನು ನಾನು.

“ಮೊದಲೇ ಹೇಳೋದಲ್ವೆ? ಕೊಟ್ಟವರ ಹೆಸರು, ಪಡೆದವರ ಹೆಸರು, ಯಾಕೆ ಕೊಟ್ಟರು, ಎಲ್ಲ ಇದೆ. ಇಷ್ಟು ಸ್ಪಷ್ಟವಾದ ಗುರುತನ್ನ ನಾನು ನೋಡೇ ಇಲ್ಲ. ನಳಿಗೆ ಮೇಲಿನ ಹೆಸರನ್ನ ಮುಟ್ಬೇಡಿ, ಅದೇ ಸಾಕ್ಷಿ” ಎಂದು ಅವರು ಲೇಖನಿ ಎತ್ತಿದರು, ಗಿಳಿಗಳನ್ನೂ ಬಿಡದೆ ಬರೆದುಕೊಂಡರು.

ಲೈಸನ್ಸು ನನ್ನ ಹೆಸರಿಗಾಯಿತು. ಗುರುತಿನ ಕಾಲಮಿನಲ್ಲಿ ಜಾಗ ಸಾಲದೆ ಉಳಿದದ್ದನ್ನು ಹಿಂಬದಿಯಲ್ಲಿ ಬರೆದಿದ್ದಾರೆ.