ನಾಲ್ಕು ಚಕ್ರದ ಬೈಕಿನ ಹಣೆ

ನಮ್ಮ ಚಿಕ್ಕಪ್ಪ ತಮ್ಮ ಜೀವಮಾನದಲ್ಲಿ ಒಪ್ಪಿಕೊಂಡಿರುವುದು ಒಂದೇ ಒಂದು ತಪ್ಪು. ಅದೂ ಅವರು ಮಾಡದೇ ಇದ್ದ ತಪ್ಪು!

ಹೀಗೆಂದ ಕೂಡಲೇ ಅವರೇನೋ ದೊಡ್ಡ ತ್ಯಾಗಜೀವಿ ಎಂದು ಭಾವಿಸಬೇಡಿ. ಪಾಲಿಟೆಕ್ನಿಕ್ಕಿನ ವರ್ಕ್‌ಶಾಪಿನಲ್ಲಿ ವರ್ಷಗಟ್ಟಲೆ ಪಾಠ ಹೇಳಿದ ಅವರು ಮನೆಯಲ್ಲಿ ನಮ್ಮೆಲ್ಲರನ್ನೂ ಮೊದಲನೇ ಸೆಮಿಸ್ಟರಿನಲ್ಲೇ ಫೇಲಾದವರಂತೆ ನೋಡುತ್ತಿದ್ದರು. ಒಮ್ಮೆ ಅವರೇ ಉಪ್ಪಿಟ್ಟು ಮಾಡಿದ ದಿನ, ಉಪ್ಪು ಹೆಚ್ಚಾಗಿದೆ ಎಂದು ಅಮ್ಮ ಮೆಲ್ಲಗೆ ಹೇಳಿದಳು. "ಉಪ್ಪು ಸರಿಯಾಗೇ ಇದೆ ಅತ್ತಿಗೆ, ರವೆ ಕಡಿಮೆ" ಎಂದರು!

ಅವರ ಕೈಯಲ್ಲಿ ಯಾವಾಗಲೂ ಒಂದು ನೋಟ್‌ಬುಕ್. ಏನನ್ನೇ ಪರೀಕ್ಷಿಸಿದರೂ ಅದರಲ್ಲಿ ಬರೆದು, ಎದುರಿಗೆ 'ಸರಿ' ಎಂದು ಟಿಕ್ ಹಾಕುತ್ತಿದ್ದರು. ಒಮ್ಮೆ ಟಿಕ್ ಬಿದ್ದದ್ದನ್ನು ಮತ್ತೆ ನೋಡುವ ಪ್ರಶ್ನೆಯೇ ಇಲ್ಲ. "ಎರಡನೇ ಸಲ ನೋಡೋದಾದ್ರೆ ಮೊದಲನೇ ಸಲ ಯಾಕಮ್ಮ ನೋಡಿದ್ದು?" ಎಂದು ನನ್ನನ್ನು ಕೇಳುತ್ತಿದ್ದರು.  ನಾನೋ ಬಾಗಿಲಿನ ಬೀಗವನ್ನು ಮೂರು ಸಲ ಎಳೆದು ನೋಡುವ ಪೈಕಿ.

ವಿದ್ಯಾರಣ್ಯಪುರಂನ ಬಾಡಿಗೆ ಮನೆ ಬಿಟ್ಟು ನಾವು ದಟ್ಟಗಳ್ಳಿಯ ಸ್ವಂತ ಮನೆಗೆ ಬಂದಾಗ ಈ ಶತಮಾನ ಆಗತಾನೇ ಶುರುವಾಗಿತ್ತು. ಬಡಾವಣೆಯ ರಸ್ತೆಗಳು ಇನ್ನೂ ಶುರುವಾಗಿರಲಿಲ್ಲ. ಎಲ್ಲಿ ನೋಡಿದರೂ ಜಲ್ಲಿ ರಾಶಿ, ಅರ್ಧ ಕಟ್ಟಿದ ಗೋಡೆ. ಸಿಮೆಂಟಿನ ಧೂಳು ಮನೆ, ಮರ, ಮನುಷ್ಯರೆನ್ನದೆ ಎಲ್ಲಕ್ಕೂ ಬೂದು ಬಣ್ಣ ಬಳಿದಿತ್ತು. ಹೊಸ ಮನೆಯಿಂದ ನಷ್ಟವಾದದ್ದು ಅಜ್ಜಿಗೆ. ಹಳೆಯ ಮನೆಯಿಂದ ಈಶ್ವರನ ಗುಡಿ ಎರಡೇ ಬೀದಿ ಆಚೆ ಇತ್ತು. ಇಲ್ಲಿ ಗುಡಿಗೆ ಹೋಗಬೇಕೆಂದರೆ ಖಾಲಿ ಸೈಟುಗಳ ನಡುವೆ ಒಂದೂವರೆ ಮೈಲಿ ಮಣ್ಣು ದಾರಿ. ಆಟೋದವರು ಆ ದಾರಿಯನ್ನು ನೋಡಿಯೇ ಕೈ ಮುಗಿದುಬಿಡುತ್ತಿದ್ದರು. ಅಪ್ಪನ ಸ್ಕೂಟರಿನಿಂದ ಒಮ್ಮೆ ಜಾರಿ ಬಿದ್ದಿದ್ದ ಅಜ್ಜಿ, "ಎಲ್ಡು ಚಕ್ರದ್ದು ಯಾವ್ದೂ ನಂಗ್ ಬ್ಯಾಡ ಕಣಪ್ಪ" ಎಂದು ತೀರ್ಪು ಕೊಟ್ಟಾಗಿತ್ತು.

"ಹಾಗಾದ್ರೆ ನಾಲ್ಕು ಚಕ್ರದ್ದೇ ತರ್ತೀನಿ ಅವ್ವ" ಎಂದರು ಚಿಕ್ಕಪ್ಪ. "ಕಾರ್ತಿಕ ಸೋಮವಾರ ನಿನ್ನ ಗುಡಿ ಬಾಗಿಲಿಗೇ ಇಳಿಸ್ತೀನಿ. ಇದು ನನ್ನ ಮಾತು."

ನಾವೆಲ್ಲ ಕಾರು ಬರುತ್ತದೆಂದು ಕಾದೆವು. ಬಂದದ್ದು ನಾಲ್ಕು ಚಕ್ರದ ಬೈಕು! ಊರಾಚೆ ಮುಚ್ಚಿಹೋದ ಯಾವುದೋ ರೆಸಾರ್ಟಿನವರು ಸಾಮಾನು ಮಾರುತ್ತಿದ್ದಾಗ ಹಿಡಿದು ತಂದಿದ್ದರು. ಟ್ರಾಕ್ಟರಿನ ಚಕ್ರ, ಮೋಟರ್‌ಸೈಕಲ್ಲಿನ ಹ್ಯಾಂಡಲ್, ಕುದುರೆಯ ಮೇಲಿನಂತೆ ಕಾಲು ಅಗಲಿಸಿ ಕೂರುವ ಸೀಟು. ಹಿಂದೆ ಅಜ್ಜಿಗಾಗಿ ಕಂಬಿ ಇಟ್ಟು, ಬೆನ್ನಿಗೆ ದಿಂಬು ಹೊಲಿಸಿ, ಒಂದು ಕುರ್ಚಿಯನ್ನೇ ಬಿಗಿದರು. ಅಪ್ಪ ಅದರ ಸುತ್ತ ಒಂದು ಪ್ರದಕ್ಷಿಣೆ ಬಂದು, ಒಳಗೆ ಹೋಗಿ ಪೇಪರು ಓದಿದರು.

ಅಜ್ಜಿಗೆ ಮಾತ್ರ ಅದು ಕಂಡ ಕೂಡಲೇ ಹಿಡಿಸಿತು. "ಥೇಟ್ ಬಸವ ಕಣ್ಲಾ! ಎಂಗ್ ಕುಂತದೆ ನೋಡು" ಎಂದಳು.

ಬಸವ ಮೊದಮೊದಲು ಚೆನ್ನಾಗಿಯೇ ಓಡಿತು. ಬಡಾವಣೆಯಲ್ಲಿ ನೂರು ಸುತ್ತು ಟ್ರಯಲ್ ಮುಗಿಯುವ ತನಕ ಅವ್ವನನ್ನು ಹತ್ತಿಸುವುದಿಲ್ಲ ಎಂದು ಚಿಕ್ಕಪ್ಪ ಹಟ ಹಿಡಿದರು. ತೊಂಬತ್ತು ಚಿಲ್ಲರೆ ಸುತ್ತಾದಾಗ, ದಸರೆಯ ಹೊತ್ತಿಗೆ, ಬಸವನಿಗೆ ಜ್ವರ ಶುರುವಾಯಿತು. ಅರ್ಧ ಮೈಲಿ ಹೋಗುವಷ್ಟರಲ್ಲಿ ಕೆಂಪು ದೀಪ ಹತ್ತುತ್ತಿತ್ತು, ಮುಂದಿನಿಂದ ಬುಸ್ಸೆಂದು ಹಬೆ ಏಳುತ್ತಿತ್ತು.

ಒಂದು ದಿನ ಪೊಲೀಸಿನವರೊಬ್ಬರು ಕೈ ಅಡ್ಡ ಹಿಡಿದರು. "ಏನ್ ಸಾರ್ ಇದು, ಕಾರಾ, ಬೈಕಾ?"

"ಇದು ರಸ್ತೆ ಮೇಲೆ ಓಡಿಸೋ ಗಾಡಿ ಅಲ್ಲ."

"ರಸ್ತೆ ಮೇಲೇ ಇದೆಯಲ್ಲ ಸಾರ್!"

"ಇದನ್ನ ನೀವು ರಸ್ತೆ ಅಂತೀರಾ?"

ಪೊಲೀಸಿನವರು ಗುಂಡಿಗಳನ್ನು ನೋಡಿದರು, ಜಲ್ಲಿ ರಾಶಿಯನ್ನು ನೋಡಿದರು, ಯೋಚನೆಗೆ ಬಿದ್ದರು. ಅಷ್ಟರಲ್ಲಿ ಬಸವ ಕುದಿಯಿತು. ಅವರೇ ತಮ್ಮ ಬಾಟಲಿಯ ನೀರು ಕೊಟ್ಟು ಹೋದರು.

ಚಿಕ್ಕಪ್ಪ ನೋಟ್‌ಬುಕ್ ತೆರೆದರು. ಎಂಜಿನ್ನಿನ ಬಿಸಿಯನ್ನು ನೀರು ಹೊತ್ತು ತರುತ್ತದೆ, ಮುಂದುಗಡೆಯ ರೇಡಿಯೇಟರಿನ ತೆಳ್ಳನೆಯ ಅಲ್ಯೂಮಿನಿಯಂ ಎಲೆಗಳ ನಡುವೆ ಗಾಳಿ ನುಗ್ಗಿ ಆ ನೀರನ್ನು ತಣಿಸುತ್ತದೆ, ಇಷ್ಟೇ ವ್ಯವಸ್ಥೆ. ಎಲ್ಲಿ ಕೆಟ್ಟಿದೆ ಎಂದು ಒಂದೊಂದಾಗಿ ನೋಡುತ್ತ ಹೋಗಬೇಕು. ಪಟ್ಟಿಯ ಮೊದಲನೇ ಸಾಲು: 'ರೇಡಿಯೇಟರಿನ ಮುಂಭಾಗ: ಶುದ್ಧ.' ಅದಕ್ಕೆ ಗಾಡಿ ಬಂದ ದಿನವೇ ಟಿಕ್ ಬಿದ್ದಿತ್ತು. ಹಾಗಾಗಿ ಅವರು ಎರಡನೇ ಸಾಲಿನಿಂದ ಶುರು ಮಾಡಿದರು.

ನೀರು ಬದಲಾಯಿಸಿದರು. ಮುಚ್ಚಳ ಬದಲಾಯಿಸಿದರು. ಥರ್ಮೋಸ್ಟಾಟ್ ಎಂಬ ಪುಟ್ಟ ಕವಾಟ ಬಿಸಿಗೆ ಸರಿಯಾಗಿ ತೆರೆದುಕೊಳ್ಳುತ್ತದೆಯೇ ಎಂದು ನೋಡಲು ಅದನ್ನು ದಾರಕ್ಕೆ ಕಟ್ಟಿ, ನನ್ನ ಕಾಲೇಜು ಲ್ಯಾಬಿನ ಥರ್ಮಾಮೀಟರಿನ ಜೊತೆ ಒಲೆಯ ಮೇಲಿನ ನೀರಿಗೆ ಇಳಿಬಿಟ್ಟರು. ಪಾತ್ರೆ ಹಾಲು ಕಾಯಿಸುವುದು!

"ಅತ್ತಿಗೆ, ನೋಡಿ ನೋಡಿ! ಎಂಬತ್ತೆರಡಕ್ಕೆ ಬಾಯಿ ಬಿಡ್ತು!"

"ನಾನು ಬಾಯಿ ಬಿಟ್ರೆ ಎಷ್ಟು ಡಿಗ್ರಿ ಅಂತ ನೋಡ್ಬೇಕಾ?" ಎಂದಳು ಅಮ್ಮ.

ಥರ್ಮೋಸ್ಟಾಟಿಗೆ ಟಿಕ್ ಬಿತ್ತು. ಆಮೇಲೆ, ಕೊಳವೆಯೊಳಗೆ ಗಾಳಿ ಸಿಕ್ಕಿಕೊಂಡಿರಬಹುದೆಂದು ಬಸವನ ಮುಂಗಾಲುಗಳನ್ನು ಬಟ್ಟೆ ಒಗೆಯುವ ಕಲ್ಲಿನ ಮೇಲೆ ಹತ್ತಿಸಿ, ಮುಚ್ಚಳ ತೆಗೆದು ಎಂಜಿನ್ ಓಡಿಸಿದರು. ಗುಳುಗುಳು ಎಂದು ಗುಳ್ಳೆಗಳು ಬಂದವು.

"ಒಟ್ಟೇಲಿ ಗಾಳಿ ಸೇರ್ಕಂಡದಾ?" ಎಂದು ವಿಚಾರಿಸಿದಳು ಅಜ್ಜಿ. "ಒಸಿ ಇಂಗಿನ ನೀರು ಉಯ್ದು ನೋಡ್ಲಾ!"

ಇಂಗಿನ ನೀರೊಂದನ್ನು ಬಿಟ್ಟು ಎಲ್ಲವನ್ನೂ ಹುಯ್ದದ್ದಾಯಿತು. ಅಷ್ಟರಲ್ಲಿ ಕಾರ್ತಿಕ ಬಂದೇ ಬಂತು. ಮೊದಲನೇ ಸೋಮವಾರ ಅಜ್ಜಿ ಮಡಿ ಸೀರೆ ಉಟ್ಟು, ಮಡಿಲಲ್ಲಿ ಬಿಲ್ವಪತ್ರೆ, ಎಣ್ಣೆ, ಬತ್ತಿ ಇಟ್ಟುಕೊಂಡು ರಾಣಿಯ ಹಾಗೆ ಕುಳಿತಳು. ಮೂರನೇ ಕ್ರಾಸಿನಲ್ಲಿ ಬಸವ ಕುದಿಯಿತು. ಅಜ್ಜಿ ಯಾರದೋ ಮನೆಯ ಮರಳು ರಾಶಿಯ ಮೇಲೆ ಕುಳಿತು ಕಾದಳು. ಎರಡನೇ ಸೋಮವಾರ ಮೋರಿಯವರೆಗೆ ಹೋದೆವು. ಮೂರನೆಯದರಲ್ಲಿ ನಮ್ಮ ಬೀದಿಯ ತಿರುವನ್ನೇ ದಾಟಲಿಲ್ಲ.

"ಇವತ್ತು ಶಿವ ಮನೇಲಿರಾಕಿಲ್ಲ ಬುಡ್ಲಾ" ಎಂದು ಪ್ರತಿ ಸಲವೂ ಅಜ್ಜಿಯೇ ಮಗನನ್ನು ಸಮಾಧಾನ ಮಾಡಿದಳು.

ಅಪ್ಪನ ತಾಳ್ಮೆ ಮುಗಿಯಿತು. "ಉಳಿದಿರೋದು ಒಂದೇ ಸೋಮವಾರ. ನಾನು ಕಾರ್ ಮಾಡಿಸ್ತೀನಿ. ಮಾರನೇ ದಿನ ಇದು ಗುಜರಿಗೆ."

"ಕಾರ್ ಬ್ಯಾಡ ಕಣಪ್ಪ" ಎಂದಳು ಅಜ್ಜಿ. "ಅವ್ನು ಮಾತು ಕೊಟ್ಟವ್ನೆ. ಓದ್ರೆ ಅವನ್ ಗಾಡೀಲೇ ಓಯ್ತೀನಿ. ಇಲ್ದಿದ್ರೆ ಇಲ್ಲಿಂದ್ಲೇ ಕೈ ಮುಗೀತೀನಿ."

ಚಿಕ್ಕಪ್ಪ ತಲೆ ತಗ್ಗಿಸಿ ಅನ್ನ ಕಲಸುತ್ತಿದ್ದರು. ತಿನ್ನಲಿಲ್ಲ. ಅವರು ತಲೆ ತಗ್ಗಿಸಿದ್ದನ್ನು ನಾನು ನೋಡಿದ್ದು ಅದೇ ಮೊದಲು.

ಆ ಗುರುವಾರ ನನಗೆ ಪರೀಕ್ಷೆ. ರಸಾಯನಶಾಸ್ತ್ರದ ಎಂ.ಎಸ್ಸಿ. ಮೊದಲನೇ ವರ್ಷ. ಬೆಳಗಿನ ಜಾವ ಜಗುಲಿಯ ಮೂಲೆಯಲ್ಲಿ ಓದುತ್ತ ಕುಳಿತಿದ್ದೆ. ಲಿಂಗಪೂಜೆ ಮುಗಿಸಿದ ಅಜ್ಜಿ, ವಿಭೂತಿ ಕಲಸಿದ ಬಟ್ಟಲು ಹಿಡಿದು ಹೊರಗೆ ಬಂದಳು. ನಮ್ಮ ಮನೆಯಲ್ಲಿ ಮಿಕ್ಸಿ, ಟಿ.ವಿ., ನೀರೆತ್ತುವ ಮೋಟರು, ಎಲ್ಲವೂ ವಿಭೂತಿ ಧರಿಸಿದ ಶರಣರೇ, ಅದರಲ್ಲಿ ಹೊಸತೇನಿಲ್ಲ. ಆದರೆ ಅಜ್ಜಿ ಮಂಡಿ ಹಿಡಿದುಕೊಂಡು ಬಸವನ ಮುಂದೆ ಕುಕ್ಕರಗಾಲಿನಲ್ಲಿ ಕೂತಳು. ಎರಡು ದೀಪಗಳು ಕಣ್ಣಾದರೆ, ನಡುವೆ ಇರುವುದು ಹಣೆಯಲ್ಲವೇ? ಜಾಲರಿಯ ಸಂದಿಯಲ್ಲಿ ಮೂರು ಬೆರಳು ತೂರಿಸಿ, ಒಳಗಿದ್ದ ರೇಡಿಯೇಟರಿನ ಉದ್ದಕ್ಕೂ ಗಟ್ಟಿಯಾಗಿ ಎಳೆದಳು. ಬೆರಳು ಅದ್ದಿ ಮತ್ತೊಮ್ಮೆ ಎಳೆದಳು. ಗಾಡಿ ಕೈಕೊಟ್ಟ ಮೇಲೆ ಭಕ್ತಿಯ ಪ್ರಮಾಣ ಏರಿತ್ತೆಂದು ಕಾಣುತ್ತದೆ.

"ಉಸಾರಾಗಿ ಓಗ್ಬುಟ್ ಬಾ ಬಸವ. ನನ್ ಮಗನ್ನ ಎಲ್ಲೂ ಬೀಳಿಸ್ಬ್ಯಾಡ" ಎಂದಳು.

ಗುಡಿಗೆ ಮುಟ್ಟಿಸು ಎಂದು ಕೇಳಲಿಲ್ಲ. ನಾನು ಪುಸ್ತಕ ಮುಚ್ಚಿದೆ. ಒದ್ದೆ ಬೂದಿ, ಅದರ ಮೇಲೆ ಧೂಳು, ಆಮೇಲೆ ಎಂಜಿನ್ನಿನ ಬಿಸಿ. ದಿನಕ್ಕೊಂದು ಪದರ, ಗಾಡಿ ಬಂದ ಶ್ರಾವಣದಿಂದ! ಇದಕ್ಕೆ ಎಂ.ಎಸ್ಸಿ. ಬೇಕೇ?

ಹೇಳುವುದು ಹೇಗೆ? ನನಗೆ ಯಾರನ್ನೂ ಎದುರಿಗೆ ತಿದ್ದಿ ಅಭ್ಯಾಸವಿಲ್ಲ. ನೋಟ್‌ಬುಕ್ ತೆರೆದು, ಮೊದಲನೇ ಸಾಲಿನ ಟಿಕ್ಕಿನ ಪಕ್ಕ ಪೆನ್ಸಿಲಿನಲ್ಲಿ ಒಂದು ಪ್ರಶ್ನಾರ್ಥಕ ಚಿಹ್ನೆ ಹಾಕಿ ಪರೀಕ್ಷೆಗೆ ಹೋದೆ.

ಹಿಂದಿರುಗಿದಾಗ ಚಿಕ್ಕಪ್ಪ ಗೇಟಿನಲ್ಲೇ ನಿಂತಿದ್ದರು. "ಇಷ್ಟು ಚೂಪಾಗಿ ಪೆನ್ಸಿಲ್ ಕೆತ್ತೋದು ಈ ಮನೇಲಿ ನೀನೊಬ್ಬಳೇ. ಏನಮ್ಮ ಇದರ ಅರ್ಥ?"

"ಒಂದ್ಸಲ ನೋಡಿ ಚಿಕ್ಕಪ್ಪ."

"ನೋಡಾಗಿದೆ."

"ಇನ್ನೊಂದ್ಸಲ."

ಏನನ್ನಿಸಿತೋ, ಟಾರ್ಚು ಹಿಡಿದು ನೆಲದ ಮೇಲೆ ಮಲಗಿದರು. ಸ್ಕ್ರೂಡ್ರೈವರಿನಿಂದ ಮೀಟಿದಾಗ ಗೋಡೆಯ ಗಾರೆಯಂತೆ ಒಂದು ಹಕ್ಕಳೆ ಕಳಚಿ ಅಂಗೈಗೆ ಬಿತ್ತು. ಅದನ್ನು ಪುಡಿ ಮಾಡಿದರು, ಮೂಸಿದರು. ಅಜ್ಜಿ ಮಲಗಿದ್ದ ಕೋಣೆಯ ಕಡೆ ನೋಡಿದರು. ಈಗ ಗುಡುಗುತ್ತಾರೆ ಎಂದುಕೊಂಡೆ. ಎಂಜಿನ್ನಿಗೆ ಬೇಕಾದ್ದು ನೀರು, ಭಕ್ತಿಯಲ್ಲ ಎಂದು ಹಬ್ಬಹಬ್ಬಕ್ಕೂ ಭಾಷಣ ಮಾಡುತ್ತಿದ್ದವರು, ಹಣೆಗೆ ವಿಭೂತಿ ಹಚ್ಚಲು ಅಜ್ಜಿ ಬಂದರೆ ಮುಖ ತಿರುಗಿಸಿ ಓಡುತ್ತಿದ್ದವರು ಅವರು.

"ಯಾರಿಗೂ ಹೇಳ್ಬೇಡ ಕಣಮ್ಮ" ಎಂದರು. "ತನ್ನ ಕೈಯಿಂದ್ಲೇ ಆಯ್ತು ಅಂತ ಗೊತ್ತಾದ್ರೆ ಅವ್ವ ತಡ್ಕೊಳಲ್ಲ."

ಶುಕ್ರವಾರ ಅಜ್ಜಿ ಮಧ್ಯಾಹ್ನದ ನಿದ್ದೆಯಲ್ಲಿದ್ದಾಗ ಹಲ್ಲುಜ್ಜುವ ಬ್ರಷ್ಷು, ಬಕೆಟ್ಟು ಹಿಡಿದು ಒಂದೊಂದೇ ಎಲೆಯನ್ನು ತೊಳೆದರು. ರಾತ್ರಿ ಊಟಕ್ಕೆ ಎಲ್ಲರೂ ಕುಳಿತಾಗ ಗಂಟಲು ಸರಿಪಡಿಸಿಕೊಂಡರು.

"ಥರ್ಮೋಸ್ಟಾಟು. ನಾನೇ ತಿರುಗಾಮುರುಗಾ ಹಾಕಿದ್ದೆ. ನನ್ನದೇ ತಪ್ಪು."

ಅಮ್ಮನ ಕೈಯ ಸೌಟು ಗಾಳಿಯಲ್ಲೇ ನಿಂತಿತು. "ಇನ್ನೊಂದ್ಸಲ ಹೇಳು" ಎಂದರು ಅಪ್ಪ.

"ಯಾಕಣ್ಣ, ಒಂದ್ಸಲ ಸಾಲದಾ?"

ಅಪ್ಪ ಗೋಡೆಯ ಕ್ಯಾಲೆಂಡರಿನಲ್ಲಿ ತಾರೀಕು ನೋಡಿದರು!

ಶನಿವಾರ ಬಸವನ ದೀಪಗಳ ಮೇಲ್ಗಡೆ ಹೊಳೆಯುವ ಒಂದು ಸ್ಟೀಲ್ ತಟ್ಟೆ ಬಂತು. ಚಿಕ್ಕಪ್ಪ ದಿನಾ ಉಣ್ಣುತ್ತಿದ್ದ ತಟ್ಟೆಯೇ. ಅಂಚಿನಲ್ಲಿ ಅಜ್ಜಿ ಕೊರೆಸಿದ್ದ ಅವರ ಹೆಸರು ಹಾಗೇ ಇತ್ತು.

"ಏನ್ಲಾ ಇದು?"

"ಹಣೆ ಅವ್ವ. ಇನ್ಮೇಲೆ ಇಲ್ಲೇ ಹಚ್ಚು, ಬಗ್ಗೋದು ಬೇಡ. ಕೆಳಗಿರೋದು ಗಂಟ್ಲು."

"ಗಂಟ್ಲಿಗೂ ಅಚ್ತಾರೆ ಕಣ್ಲಾ!"

ಚಿಕ್ಕಪ್ಪ ಒಂದು ಕ್ಷಣ ಪೆಚ್ಚಾದರು. "ಇದಕ್ಕೆ ಬೇಡ ಅವ್ವ... ಕೆಮ್ಮುತ್ತೆ."

ಅಜ್ಜಿ ಮಗನ ಮುಖವನ್ನೇ ನೋಡಿದಳು. ಆಮೇಲೆ ತೊಳೆದು ಫಳಫಳ ಎನ್ನುತ್ತಿದ್ದ ಜಾಲರಿಯನ್ನು ನೋಡಿದಳು. ತಟ್ಟೆಯ ಮೇಲೆ ಮೂರು ಗೆರೆ ಎಳೆದು, "ಅಂಗೇ ಆಗ್ಲಿ" ಎಂದಳು.

ಕೊನೆಯ ಸೋಮವಾರ ನಾನು ಸೈಕಲ್ಲಿನಲ್ಲಿ ನೀರಿನ ಕ್ಯಾನು ಕಟ್ಟಿಕೊಂಡು ಹಿಂದೆ ಹೋದೆ. ನಮ್ಮ ತಿರುವು ದಾಟಿತು. ಮೂರನೇ ಕ್ರಾಸು, ಮರಳು ರಾಶಿ, ಮೋರಿ ದಾಟಿದವು. ಕ್ಯಾನಿನ ಮುಚ್ಚಳ ತೆರೆಯಲೇ ಇಲ್ಲ. ಗುಡಿಯ ಮೆಟ್ಟಿಲ ಮುಂದೆ ಬಸವ ನಿಂತಾಗ ಅಜ್ಜಿ ಇಳಿಯದೆ ಸ್ವಲ್ಪ ಹೊತ್ತು ಹಾಗೇ ಕುಳಿತಿದ್ದಳು, ಮಗನ ಹೆಗಲ ಮೇಲೆ ಒಂದು ಕೈ ಇಟ್ಟುಕೊಂಡು.

ಅಜ್ಜಿ ಅದರಲ್ಲಿ ಮೂರು ಕಾರ್ತಿಕ ಹೋಗಿ ಬಂದಳು. ನಾಲ್ಕನೆಯದಕ್ಕೆ ಅಜ್ಜಿ ಇರಲಿಲ್ಲ. ಬಸವ ಈಗ ಓಡುವುದಿಲ್ಲ, ಕುದಿಯುವುದೂ ಇಲ್ಲ. ಕಾರಿಡುವ ಜಾಗದಲ್ಲಿ ಟಾರ್ಪಾಲು ಹೊದ್ದು ನಿಂತಿದೆ. ಮೊನ್ನೆ ಒಂದು ಬೆಳಗ್ಗೆ ಬೇಗ ಎದ್ದವಳು ನೋಡಿದೆ: ಟಾರ್ಪಾಲನ್ನು ಸ್ವಲ್ಪವೇ ಸರಿಸಿ, ಅಜ್ಜಿಯ ಬಟ್ಟಲು ಹಿಡಿದು, ಚಿಕ್ಕಪ್ಪ ತಟ್ಟೆಯ ಮೇಲೆ ಮೂರು ಬೆರಳು ಎಳೆಯುತ್ತಿದ್ದರು.

ನಾನು ಏನೂ ಕೇಳಿರಲಿಲ್ಲ. ಅವರೇ ತಿರುಗಿ ನೋಡಿ, ಗದರುವ ದನಿಯಲ್ಲಿ, "ತುಕ್ಕು ಹಿಡೀಬಾರ್ದಲ್ಲಮ್ಮ, ಅದಕ್ಕೆ" ಎಂದರು.

ಸ್ಟೀಲಿಗೆ ತುಕ್ಕು ಹಿಡಿಯುವುದಿಲ್ಲ ಎಂದು ನನಗೆ ಚಿಕ್ಕಂದಿನಲ್ಲಿ ಹೇಳಿಕೊಟ್ಟವರು ಅವರೇ.