ಗರುಡನ ಮುಂದಿನ ಖಾಲಿ ಜಾಗ

ಭಾನುವಾರದ ಕಾರ್ಯಕ್ರಮವನ್ನು ತಿಪ್ಪೇಶ್ ಶನಿವಾರವೇ ನಿಗದಿಪಡಿಸಿದ್ದ. ಬೆಳಿಗ್ಗೆ ಆರಕ್ಕೆ ದಾವಣಗೆರೆಯಿಂದ ಹೊರಡುವುದು. ಆರೂವರೆಗೆ ಹರಿಹರದ ಹೊಳೆದಂಡೆ ತಲುಪುವುದು. ಏಳರಿಂದ ಹತ್ತರೊಳಗೆ ಹಾರುವ ಗರುಡನ ಒಂದು ಚಿತ್ರ ತೆಗೆಯುವುದು. ಸಂಜೆ ಐದಕ್ಕೆ ಆ ಚಿತ್ರವನ್ನೂ ಎರವಲು ತಂದ ದೊಡ್ಡ ಲೆನ್ಸನ್ನೂ ಪಕ್ಷಿವೀಕ್ಷಕರ ಸಂಘಕ್ಕೆ ಒಪ್ಪಿಸುವುದು. ಊರಿನ ಯಾರು ಬೇಕಾದರೂ ಚಿತ್ರ ಕಳಿಸಬಹುದಾದ ಸ್ಪರ್ಧೆ ಅದು. ಗೆದ್ದವರು ಆ ಲೆನ್ಸನ್ನು ಒಂದು ವರ್ಷ ಇಟ್ಟುಕೊಳ್ಳಬಹುದು. ಕಾಲೇಜಿನ ಭೌತಶಾಸ್ತ್ರ ಪ್ರಯೋಗಾಲಯದ ಸಹಾಯಕನಾದ ತಿಪ್ಪೇಶನಿಗೆ ಸದ್ಯಕ್ಕೆ ಬೇರಾವ ಆಸೆಯೂ ಇರಲಿಲ್ಲ.

ಕಾರ್ಯಕ್ರಮದಲ್ಲಿ ನಮೂದಾಗದ ಒಂದೇ ಅಂಶವೆಂದರೆ ಪಕ್ಕದ ಮನೆಯ ಕಸ್ತೂರಮ್ಮ. ಅವನು ಸ್ಕೂಟರನ್ನು ಹೊರಗೆ ತಳ್ಳುವಷ್ಟರಲ್ಲಿ ಅವರು ಗೇಟಿಗೆ ಅಡ್ಡವಾಗಿ ನಿಂತಿದ್ದರು.

“ಹರಿಹರಕ್ಕೆ ಹೊಂಟೀಯಂತಲ್ಲಪ್ಪಾ? ತಡಿ, ನಾನೂ ಬರ್ತೀನಿ. ಹೊಳಿ ನೋಡಿ ಆರು ತಿಂಗ್ಳಾತು.”

“ಅಮ್ಮಾರೇ, ನಾನು ಹಕ್ಕಿ ಫೋಟೋ ತೆಗೆಯಾಕ ಹೊಂಟೀನ್ರಿ. ಅಲ್ಲಿ ಮಾತಾಡಂಗಿಲ್ಲ, ಅಲುಗಾಡಂಗಿಲ್ಲ.”

“ನಾನೇನು ನಿನ್ನ ಹಕ್ಕಿ ಹಿಡ್ಕಂಡು ಓಡ್ತೀನೇನು? ಒಂಚೂರು ಮಂಡಕ್ಕಿ ಒಗ್ಗರಣಿ ಹಾಕ್ಕೊಂಡು ಬಂದೆ, ಹತ್ತೇ ನಿಮಿಷ.”

ಆ ಹತ್ತು ನಿಮಿಷಕ್ಕೆ ಐವತ್ತೈದು ನಿಮಿಷ ಹಿಡಿಯಿತು.

ಹೊಳೆದಂಡೆಯಲ್ಲಿ ತಿಪ್ಪೇಶ್ ಒಂದು ಬಂಡೆಯನ್ನು ಆರಿಸಿ, ಬಿಸಿಲಿನ ದಿಕ್ಕು ನೋಡಿ, ಕ್ಯಾಮೆರಾ ಸಿದ್ಧಪಡಿಸಿದ. ಕಸ್ತೂರಮ್ಮ ಪಕ್ಕದ ಬಂಡೆಯ ಮೇಲೆ ಮಂಡಕ್ಕಿಯ ಗಂಟು ಬಿಚ್ಚಿದರು. ಎರಡೇ ನಿಮಿಷದಲ್ಲಿ ಹರಿಹರದ ಕಾಗೆಗಳೆಲ್ಲ ಸಾಮೂಹಿಕ ವಿವಾಹಕ್ಕೆ ಬಂದ ನೆಂಟರಂತೆ ನೆರೆದವು. ಅವುಗಳ ನಡುವೆ, ಯಾವ ಆತುರವೂ ಇಲ್ಲದೆ, ಒಂದು ಗರುಡ ತೇಲಿ ಬಂತು.

ತಿಪ್ಪೇಶ್ ಉಸಿರು ಬಿಗಿಹಿಡಿದು ಗುಂಡಿ ಒತ್ತಿದ. ಸೆಕೆಂಡಿಗೆ ಹತ್ತರಂತೆ ನಲವತ್ತು ಚಿತ್ರಗಳು ಬಿದ್ದವು. ಮೂವತ್ತೊಂಬತ್ತರಲ್ಲಿ ಕಾಗೆಗಳಿದ್ದವು.

“ಇದ್ರಾಗ ಗರುಡ ಐತಲ್ಲ,” ಎಂದು ಕಸ್ತೂರಮ್ಮ ನಲವತ್ತನೆಯದನ್ನು ಇಣುಕಿ ನೋಡಿದರು. “ಆದ್ರ ಬರೀ ಬಾಲ ಐತೆ. ಉಳಿದಿದ್ದು ಎಲ್ಲಿ ಹೋತು?”

“ಮುಂದಕ್ಕೆ ಹೋತು,” ಎಂದ ತಿಪ್ಪೇಶ್ ಹಲ್ಲು ಕಚ್ಚಿ. “ಹಕ್ಕಿ ಯಾವ ಕಡೆ ಹಾರ್ತೈತೋ ಆ ಕಡೆ ಜಾಗ ಖಾಲಿ ಬಿಡಬೇಕ್ರಿ. ಅದಕ್ಕೆ ಹೋಗಾಕ ದಾರಿ ಬೇಕಲ್ಲ? ಎರಡೂ ರೆಕ್ಕೆ ತುದಿ ಚೌಕಟ್ಟಿನೊಳಗ ಇರಬೇಕು.”

“ಹಂಗಾ! ಬಸ್ಸಿನ ಬಾಗಿಲ ಮುಂದ ಜಾಗ ಬಿಟ್ಟಂಗೆ. ಇದು ನಮ್ಮ ಜನಕ್ಕೂ ತಿಳಿದ್ರೆ ಚಲೋ ಇತ್ತು.”

ಅಷ್ಟರಲ್ಲಿ ಮೀನು ಹಿಡಿಯುವ ಹುಲಿಯಪ್ಪ ತನ್ನ ತೆಪ್ಪವನ್ನು ದಡಕ್ಕೆ ತಂದ. ಲೆನ್ಸಿನ ಉದ್ದ ಕಂಡು ಅವನಿಗೆ ಗೌರವ ಮೂಡಿತು.

“ಗರುಡ ಬೇಕೇನ್ರಿ ಸರ? ನಾನು ಕರೆಸ್ತೀನಿ ಬರ್ರಿ. ಒಂದು ಮೀನು ಎಸೆದ್ರೆ ಸಾಕು, ದಿನಾ ಬರೋ ಗಿರಾಕಿ ಅದು.”

ಮೀನು ನೀರಿಗೆ ಬಿತ್ತು. ಅವನು ಹೇಳಿದಂತೆಯೇ ಹಕ್ಕಿ ಬಂತು. ಆದರೆ ಅದೇ ಕ್ಷಣಕ್ಕೆ ಸ್ನಾನಕ್ಕೆ ಇಳಿದಿದ್ದವರಲ್ಲಿ ಯಾರೋ “ಗರುಡ!” ಎಂದು ಕೂಗಿದರು. ಎಲ್ಲರೂ ಕೈಯೆತ್ತಿ ಮುಗಿದರು, ಕೆನ್ನೆ ಕೆನ್ನೆ ತಟ್ಟಿಕೊಂಡರು. ಚಿತ್ರದಲ್ಲಿ ಹನ್ನೆರಡು ಜೊತೆ ಒದ್ದೆ ಕೈಗಳೂ ಒಂದು ರೆಕ್ಕೆಯೂ ದಾಖಲಾದವು.

ತಿಪ್ಪೇಶನ ತಾಳ್ಮೆ ಮುಗಿಯಿತು. ಬಂಡೆಯ ಮೇಲೆ ನಿಂತು ಅವನು ಸಣ್ಣದೊಂದು ಉಪನ್ಯಾಸವನ್ನೇ ಕೊಟ್ಟ.

“ನೋಡ್ರಿ, ಇದು ಹದ್ದಿನ ಒಂದು ಜಾತಿ. ಮೀನು, ಏಡಿ, ಸತ್ತಿದ್ದು ಕೆಟ್ಟಿದ್ದು ಎಲ್ಲಾ ತಿಂತೈತೆ. ಕೈಮುಗಿದ್ರೆ ಅದಕ್ಕೂ ಲಾಭ ಇಲ್ಲ, ನಿಮಗೂ ಇಲ್ಲ. ಒಂದೇ ಒಂದು ಸಲ ಯಾರೂ ಕೈ ಎತ್ತಬ್ಯಾಡ್ರಿ.”

ಜನ ಒಬ್ಬರ ಮುಖ ಒಬ್ಬರು ನೋಡಿಕೊಂಡರು. “ಆತು ಬಿಡ್ರಿ ಸರ,” ಎಂದ ಹುಲಿಯಪ್ಪ. “ಪಾಪ ಬಂದ್ರೆ ನಿಮ್ಮ ಹೆಸರು ಹೇಳ್ತೀವಿ.”

ಹುಲಿಯಪ್ಪ ಬುಟ್ಟಿಯಲ್ಲಿದ್ದ ಅತಿ ದೊಡ್ಡ ಮೀನನ್ನು ಆರಿಸಿ ದಡದ ಸಮೀಪಕ್ಕೇ ಎಸೆದ. ಹನ್ನೊಂದೂ ಇಪ್ಪತ್ತಕ್ಕೆ ಗರುಡ ಮೂರನೆಯ ಬಾರಿ ಬಂತು. ಈ ಸಲ ಕಾಗೆಗಳಿರಲಿಲ್ಲ. ಸ್ನಾನದವರು ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ತರಗತಿಯ ಮಕ್ಕಳಂತೆ ನಿಂತಿದ್ದರು.

ಅದು ಎತ್ತರದಲ್ಲಿ ಅರೆಸುತ್ತು ಹಾಕಿತು. ರೆಕ್ಕೆ ಮಡಿಸಿ ಜಾರಿತು. ನೀರಿಗೆ ಆಳೆತ್ತರ ಉಳಿದಾಗ ಎರಡೂ ರೆಕ್ಕೆಗಳನ್ನು ಪೂರ್ತಿ ಬಿಚ್ಚಿತು. ಬಿಸಿಲು ಗರಿಗಳನ್ನು ತೂರಿ ಬಂದು ಮೈಯ ಇಟ್ಟಿಗೆಗೆಂಪು ಹೊಳೆಯಿತು. ತಲೆ ಮತ್ತು ಎದೆ ಆಗತಾನೆ ಒಗೆದ ಬಟ್ಟೆಯಂತೆ ಬಿಳಿ. ಕಾಲು ಚಾಚಿ, ನೀರನ್ನು ಗೀರಿದಷ್ಟೇ ಮುಟ್ಟಿ, ಮೀನನ್ನೆತ್ತಿಕೊಂಡು ಅದು ತಿಪ್ಪೇಶನ ತಲೆಯ ಮೇಲಿಂದಲೇ ಏರಿಹೋಯಿತು. ಗಾಳಿ ಸೀಳುವ ಸದ್ದು ಅವನ ಕಿವಿಗೆ ಕೇಳಿಸಿತು. ಇಷ್ಟು ಸುಂದರವಾದ, ಇಷ್ಟು ಲೆಕ್ಕಾಚಾರದ ಚಲನೆಯನ್ನು ಅವನು ಯಾವ ಪ್ರಯೋಗಾಲಯದಲ್ಲಿಯೂ ಕಂಡಿರಲಿಲ್ಲ.

ನಾಲ್ಕು ಸೆಕೆಂಡುಗಳ ನಂತರ ಹುಲಿಯಪ್ಪನ ಧ್ವನಿ ಕೇಳಿತು.

“ಸರ... ನೀವ್ಯಾಕ ಕೈ ಮುಗಿದ್ರಿ?”

ತಿಪ್ಪೇಶ್ ಕಣ್ಣು ತೆರೆದ. ಕ್ಯಾಮೆರಾ ಎದೆಯ ಮೇಲೆ ಜೋತಾಡುತ್ತಿತ್ತು. ಅವನ ಎರಡೂ ಅಂಗೈಗಳು ಎರಡೂ ಕೆನ್ನೆಗಳ ಮೇಲಿದ್ದವು. ಮೂರನೆಯ ವಯಸ್ಸಿನಲ್ಲಿ ಅವ್ವ ಕಲಿಸಿದ ಪಾಠಕ್ಕೆ ಬಿ.ಎಸ್ಸಿ.ಯ ಅಷ್ಟೂ ಸೆಮಿಸ್ಟರುಗಳು ಸೇರಿಯೂ ಅಡ್ಡಬರಲಾಗಿರಲಿಲ್ಲ. ಸ್ನಾನದವರು ಅವನನ್ನು ಕಂಡು ತಾವೂ ಧೈರ್ಯದಿಂದ ಮುಗಿದರು.

ಆಮೇಲೆ ಒಂದೂವರೆಯವರೆಗೆ ಕಾದರೂ ಗರುಡ ಬರಲಿಲ್ಲ. “ಹೊಟ್ಟಿ ತುಂಬಿದ ಮ್ಯಾಲೆ ಯಾಕ ಬರ್ತೈತ್ರಿ?” ಎಂದ ಹುಲಿಯಪ್ಪ.

ಸಂಜೆ ಐದಕ್ಕೆ ತಿಪ್ಪೇಶ್ ಬಾಲದ ಚಿತ್ರವನ್ನೇ ಒಪ್ಪಿಸಿ ಹಿಂದಿನ ಕುರ್ಚಿಯಲ್ಲಿ ಕುಳಿತ. ಕಸ್ತೂರಮ್ಮ ಮುಂದಿನ ಸಾಲಿನಲ್ಲಿದ್ದರು. ಕಸ್ತೂರಮ್ಮನ ಮೊಮ್ಮಗಳು ನಯನಾ ಸಂಘದ ಕಾರ್ಯದರ್ಶಿ.

“ಮೊದಲನೇ ಬಹುಮಾನ,” ಎಂದು ನಯನಾ ಓದಿದಳು. “ಮೊಬೈಲಿನಲ್ಲಿ ತೆಗೆದ ಚಿತ್ರ... ಅಯ್ಯ, ಅಜ್ಜೀ, ನಿಂದು!”

ಪರದೆಯ ಮೇಲೆ ಗರುಡ ಮೂಡಿತು. ರೆಕ್ಕೆಯ ತುದಿಗಳೆರಡೂ ಚೌಕಟ್ಟಿನ ಒಳಗೆ. ಮುಂದೆ ವಿಶಾಲವಾದ ಖಾಲಿ ಆಕಾಶ. ತಿಪ್ಪೇಶ್ ಎದ್ದು ನಿಂತ.

“ಅಮ್ಮಾರೇ! ನಾನೇ ಕೈಮುಗಿದ ಹೊತ್ನಾಗ ನೀವು ಹೆಂಗೆ ತೆಗೆದ್ರಿ?”

“ನಾವು ಲಿಂಗ ಕಟ್ಟಿದೋರು ಕಣಪ್ಪಾ. ಹಕ್ಕಿಗೆ ಯಾಕ ಕೈ ಮುಗೀಲಿ? ಕೈ ಖಾಲಿ ಇತ್ತು, ನೀ ಹೇಳಿದಂಗೆ ಜಾಗ ಬಿಟ್ಟು ಒತ್ತಿದೆ.”

ಲೆನ್ಸನ್ನು ಅವರ ಮಡಿಲಲ್ಲಿ ಇಟ್ಟರು. ತಿಪ್ಪೇಶ್ ಮೆಲ್ಲಗೆ ಹತ್ತಿರ ಹೋದ.

“ಅಮ್ಮಾರೇ, ಇದು ಮೊಬೈಲಿಗೆ ಕೂಡಂಗಿಲ್ಲ. ನನ್ನ ಹತ್ರಾನೇ ಇದ್ರೆ...”

“ಕೊಡಬೌದಿತ್ತಪ್ಪಾ,” ಎಂದು ಕಸ್ತೂರಮ್ಮ ಲೆನ್ಸನ್ನು ಸೆರಗಿನಲ್ಲಿ ಸುತ್ತಿಕೊಂಡರು. “ಆದ್ರೆ ಹಕ್ಕಿ ಕಂಡ ಕೂಡ್ಲೆ ನೀ ಕೈ ಬಿಟ್ಟುಬಿಡ್ತೀಯ. ಒಡೆದು ಹೋದ್ರೆ?”

ಚಿತ್ರದ ಕೆಳಗೆ ತೀರ್ಪುಗಾರರ ಷರಾ ಹೀಗಿತ್ತು: ಕಣ್ಣು ಮುಚ್ಚಿ ನಿಂತಿರುವ ಭಕ್ತನ ಮುಗ್ಧತೆಯೇ ಈ ಚಿತ್ರದ ಜೀವಾಳ, ಆದರೆ ಆತನ ಕೊರಳಿನಲ್ಲಿರುವ ಕ್ಯಾಮೆರಾ ದೃಶ್ಯದ ಸಹಜತೆಗೆ ತುಸು ಭಂಗ ತಂದಿದೆ.